ಕಲ್ಲು ದಾಟಿದ ಮತಗಟ್ಟೆ

ಆಗಸ್ಟ್ ೩೩, ೨೧೬೩
ಹೂಳುಸೀಮೆ ಲೋಕಸಭಾ ಕ್ಷೇತ್ರದ ಗಡಿಯಿಂದ ನಲವತ್ತು ಹೆಜ್ಜೆ ಹೊರಗೆ

ಪ್ರೀತಿಯ ಶೈಲಜಾ ಅಜ್ಜಿಗೆ,

ನನಗೆ ಮದುವೆಯಾಯಿತು ಅಜ್ಜಿ, ಇವತ್ತಿಗೆ ಸರಿಯಾಗಿ ಇಪ್ಪತ್ತೆರಡು ದಿನ, ಹುಡುಗನ ಹೆಸರು ಭರಮ, ಮತ್ತು ಇದೆಲ್ಲ ಆದದ್ದು ಒಂದು ಚುನಾವಣೆಯಿಂದ!

ಸುದ್ದಿ ಮೊದಲು ಹೇಳಿಬಿಟ್ಟೆ, ಕ್ಷಮೆ ಆಮೇಲೆ ಕೇಳುತ್ತಿದ್ದೇನೆ. ಮೇಲಿನ ತಾರೀಖು ಕಂಡು ನೀವು ಕನ್ನಡಕ ಒರೆಸಿಕೊಂಡಿರಬಹುದು. ತಪ್ಪು ಬರೆದಿಲ್ಲ. ನಮ್ಮ ಕಾಲದ ಪಂಚಾಂಗದಲ್ಲಿ ಏಪ್ರಿಲ್, ಮೇ ತಿಂಗಳುಗಳಿಂದ ನಾಲ್ಕು ನಾಲ್ಕು ದಿನ ಕಿತ್ತು ಜುಲೈ, ಆಗಸ್ಟಿಗೆ ಸೇರಿಸಿದ್ದಾರೆ. ಬಿಸಿಲು ಕಡಿಮೆಯಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಉಪಾಯ. ಬಿಸಿಲೇನೂ ಕಡಿಮೆಯಾಗಲಿಲ್ಲ, ಆಗಸ್ಟ್ ಮಾತ್ರ ಮುಗಿಯುವುದೇ ಇಲ್ಲ. ಇನ್ನೊಂದು ಕ್ಷಮೆ 'ಅಜ್ಜಿ' ಎಂಬ ಮಾತಿಗೆ. ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಓಲೆ ಸೇರಬೇಕಾದ ನಿಮ್ಮ ಕಾಲದಲ್ಲಿ ನಿಮಗೆ ಮೂವತ್ತಾರು ವರ್ಷ, ಅಣ್ಣಿಗೇರಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತಿದ್ದೀರಿ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಬೇರೆ ಹೇಗೆ ಕರೆಯಲಿ, ನನಗೆ ತಿಳಿಯುತ್ತಿಲ್ಲ. ನನ್ನ ಕನ್ನಡವನ್ನೂ ಸ್ವಲ್ಪ ಸಹಿಸಿಕೊಳ್ಳಿ. ನಾನು ಓದಿದ್ದು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ. ಖುಷಿಯಾದಾಗ ನನಗೆ ಎರಡೂ ಭಾಷೆ ಒಟ್ಟಿಗೇ ಬಾಯಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತವೆ.

ಹೊಸದಾಗಿ ಮದುವೆಯಾದವರು ತಾವು ಎಂದೂ ನೋಡದ ಒಬ್ಬ ಹಿರಿಯರಿಗೆ ಓಲೆ ಬರೆಯುವುದು ನಮ್ಮಲ್ಲಿ ವಾಡಿಕೆ. ಇದಕ್ಕೆ ಹಿಂದೋಲೆ ಎನ್ನುತ್ತಾರೆ. ನನ್ನ ಗೆಳತಿಯರೆಲ್ಲ ತಮ್ಮ ವಂಶದಲ್ಲಿ ಹೆಸರು ಮಾಡಿದವರನ್ನು ಹುಡುಕಿ ಹುಡುಕಿ ಬರೆದರು. ನಾನು ನಿಮ್ಮನ್ನು ಆರಿಸಿಕೊಂಡೆ. ನೀವು ಏಳು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರು ಎಂಬುದೇ ನಮ್ಮ ಮನೆಯಲ್ಲಿ ನಿಮ್ಮ ಬಗ್ಗೆ ಹೆಚ್ಚಾಗಿ ಉಳಿದಿರುವ ಮಾತು. ನನಗಾದದ್ದು ಅಂಥವರಿಗೇ ಅರ್ಥವಾಗಬೇಕು.

ಮೊದಲು ಹೂಳುಸೀಮೆ ಎಂದರೇನು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಅದೊಂದು ದೊಡ್ಡ ಜಲಾಶಯ. ಹೆಸರು ಬರೆಯುವುದಿಲ್ಲ, ತುಂಬಿ ನಿಂತಿರುವ ನೀರನ್ನು ಕಂಡು ನೀವು ಸುಮ್ಮನೆ ಕಳವಳಪಡಬಾರದು. ನಮ್ಮ ಕಾಲಕ್ಕೆ ಅದರ ಹೊಟ್ಟೆಯ ತುಂಬ ಹೂಳು. ಮಳೆಗಾಲದ ನಾಲ್ಕು ತಿಂಗಳು ನೀರು, ಉಳಿದ ಎಂಟು ತಿಂಗಳು ಕಪ್ಪು ನೆಲ. ಆ ನೆಲದಂಥ ನೆಲ ಬೇರೆಲ್ಲೂ ಇಲ್ಲ ಅಜ್ಜಿ. ಜೋಳ ಬಿತ್ತಿದರೆ ತೆನೆ ನಿಮ್ಮ ಮೊಳಕೈ ಉದ್ದ ಬರುತ್ತದೆ. ಅಲ್ಲಿ ಬೇಸಾಯ ಮಾಡುವವರು ಜಾರುಮನೆಗಳಲ್ಲಿ ಇರುತ್ತಾರೆ. ಎರಡು ಉದ್ದನೆಯ ಮರದ ತೊಲೆಗಳ ಮೇಲೆ ಕಟ್ಟಿದ, ಒಂದು ಕೋಣೆ ಒಂದು ಜಗುಲಿಯ ಮನೆ. ನೀರು ಏರಿದಾಗ ಹಗ್ಗ ಕಟ್ಟಿ ದಂಡೆಯ ಏರಿಗೆ ಎಳೆದುಕೊಳ್ಳುತ್ತಾರೆ. ನೀರು ಇಳಿದಾಗ ಮತ್ತೆ ಕೆಳಕ್ಕೆ ಜಾರಿಸುತ್ತಾರೆ. ಒಲೆಯ ಮೇಲಿನ ಸಾರು ತುಳುಕದಂತೆ ಮನೆ ಎಳೆಯುವುದು ಇವರಿಗೆ ಗೊತ್ತು. ನಡೆಯುವಾಗ ಕಾಲಿಗೆ ಅಗಲವಾದ ಹಲಗೆಮೆಟ್ಟು ಕಟ್ಟಿಕೊಳ್ಳುತ್ತಾರೆ, ಇಲ್ಲದಿದ್ದರೆ ಹೂಳು ಮಂಡಿಯವರೆಗೆ ನುಂಗುತ್ತದೆ. ನಾನು ಅದನ್ನು ಕಟ್ಟಿಕೊಂಡ ಮೊದಲ ದಿನ ಹನ್ನೊಂದು ಸಲ ಬಿದ್ದೆ. ಲೆಕ್ಕ ಇಟ್ಟವನು ಭರಮ. ಅವನು ಒಮ್ಮೆಯೂ ನಗಲಿಲ್ಲ, ಆದರೆ ಹನ್ನೊಂದು ಎಂಬ ಸಂಖ್ಯೆಯನ್ನು ಈಗಲೂ ಮರೆತಿಲ್ಲ.

ಇಂಥವರು ಎಲ್ಲಿಯ ಮತದಾರರು? ಎಡದಂಡೆಯ ಕ್ಷೇತ್ರದವರು 'ನೀವು ಬೇಸಿಗೆಯಲ್ಲಿ ನಮ್ಮವರಲ್ಲ' ಎಂದರು, ಬಲದಂಡೆಯವರು 'ಮಳೆಗಾಲದಲ್ಲಿ ನಮ್ಮವರಲ್ಲ' ಎಂದರು. ಮೂರು ತಲೆಮಾರು ಯಾವ ಪಟ್ಟಿಯಲ್ಲೂ ಇವರ ಹೆಸರಿಲ್ಲ. ಒಂಬತ್ತು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ ಕಳೆದ ವರ್ಷ ಹೂಳುಸೀಮೆಯೇ ಒಂದು ಲೋಕಸಭಾ ಕ್ಷೇತ್ರವಾಯಿತು. ದಂಡೆಯ ಸುತ್ತ ಒಂದೇ ಎತ್ತರದಲ್ಲಿ ಬಿಳಿಯ ಮಟ್ಟಗಲ್ಲುಗಳನ್ನು ನೆಟ್ಟರು. ಕಲ್ಲಿನ ಕೆಳಗಿನದು ಹೂಳುಸೀಮೆ, ಮೇಲಿನದು ಬೇರೆಯವರದು. ಆದರೆ ನಮ್ಮ ಕಾಲದ ಕಾನೂನಿನಲ್ಲಿ ಹೊಸ ಕ್ಷೇತ್ರಕ್ಕೆ ಒಂದು ಪರೀಕ್ಷೆ ಇದೆ: ಮೊದಲ ಚುನಾವಣೆಯಲ್ಲಿ ಐವರಲ್ಲಿ ಮೂವರಾದರೂ ಮತ ಹಾಕಬೇಕು. ಇಲ್ಲವಾದರೆ ಕ್ಷೇತ್ರ ರದ್ದು, ಮತ್ತೆ ಹಳೆಯ ಎರಡು ದಂಡೆಗಳಿಗೆ ಹಂಚಿಕೆ. ಇವರಿಗೆ ಯಾರು ಗೆಲ್ಲುತ್ತಾರೆ ಎಂಬ ಚಿಂತೆ ಎರಡನೆಯದು. ಐವರಲ್ಲಿ ಮೂವರು ಎಂಬುದೇ ಮೊದಲನೆಯದು.

ಜುಲೈ ಹದಿನಾರರ ಆ ಚುನಾವಣೆಗೆ ಹದಿನೇಳನೆಯ ಮತಗಟ್ಟೆಯ ಅಧಿಕಾರಿಯಾಗಿ ಬಂದವಳು ನಾನು. ನಾನೂ ಗಣಿತದ ಟೀಚರ್ ಅಜ್ಜಿ, ನಿಮ್ಮ ರಕ್ತ. ನನ್ನ ಜೊತೆ ಗುಮಾಸ್ತ ಗುರುಪಾದಪ್ಪನವರು, ನಿವೃತ್ತಿಗೆ ಎಂಟು ತಿಂಗಳು ಉಳಿದವರು. ಅವರು ಊರಿನಿಂದ ತಂದದ್ದು ಒಂದು ದಿಂಬು ಮತ್ತು 'ಎಲ್ಲಾ ಸುಸೂತ್ರವಾಗಿ ನಡೆಯಿತು' ಎಂದು ಮೊದಲೇ ಬರೆದಿಟ್ಟ ವರದಿ. ಸಹಿ ಮಾತ್ರ ಬಾಕಿ. ಮತಗಟ್ಟೆಗೆಂದು ಆ ವಾಡದವರು, ಅಂದರೆ ಅಲ್ಲಿನ ಜಾರುಮನೆಗಳ ಕೇರಿಯವರು, ಒಂದು ಹೊಸ ಜಾರುಮನೆಯನ್ನೇ ಕಟ್ಟಿ, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ತೊಂಬತ್ತಾರು ಮತದಾರರು. ನಲವತ್ತು ಮನೆ. ಈ ನಲವತ್ತು ಮನೆಗಳಿಗೆ ಹಗ್ಗ ಕೂಗುವಾಕೆ ದ್ಯಾಮವ್ವ, ಈಗ ನನ್ನ ಅತ್ತೆ.

ಹಗ್ಗ ಕೂಗುವುದೆಂದರೆ ಹೀಗೆ: ಎಳೆಯುವವರೆಲ್ಲ ಏರಿನ ಕಡೆ ಮುಖ ಮಾಡಿರುತ್ತಾರೆ, ಕೂಗುವಾಕೆ ಒಬ್ಬಳೇ ಹಿಂದೆ, ನೀರಿನ ಅಂಚಿನಲ್ಲಿ ನಿಂತು, ಕೈಯಲ್ಲೊಂದು ಕೂಗುಗೋಲು ಹಿಡಿದು ಒಂದೊಂದು ಎಳೆತಕ್ಕೂ ದನಿ ಕೊಡುತ್ತಾಳೆ. ಇದಕ್ಕೆ ಮುಖ್ಯವಾಗಿ ಎರಡು ಕಟ್ಟಳೆ. ಹಗ್ಗ ಕೂಗಿದ ಮೇಲೆ ಯಾರ ಮನೆ ಎಂದು ಕೇಳಬಾರದು, ಒಂದನ್ನೂ ಕೆಳಗೆ ಬಿಡಬಾರದು. ಎರಡನೆಯದು, ಮನೆಗಳು ಏರಿದ ಹೊತ್ತಿನಿಂದ ಮತ್ತೆ ಇಳಿಯುವ ತನಕ ಕೋಲು ಹಿಡಿದಾಕೆ ನೀರಿಗೆ ಕಾಲಿಡಬಾರದು, ಮನೆಗಳನ್ನು ಬಿಟ್ಟು ಹೋಗಬಾರದು. ಕೋಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಮನೆಗಳೂ ನಿಲ್ಲುತ್ತವೆ ಎಂಬುದು ಅವರ ನಂಬಿಕೆ. ದ್ಯಾಮವ್ವ ಆ ಕೋಲು ಹಿಡಿದು ಮೂವತ್ತೊಂದು ವರ್ಷವಾಗಿತ್ತು.

ನೀರು ಬರಬೇಕಾದದ್ದು ಜುಲೈ ಕೊನೆಗೆ. ಬಂದದ್ದು ಮತದಾನದ ದಿನ, ಮಧ್ಯಾಹ್ನ ಊಟದ ಹೊತ್ತಿಗೆ. ನಾನು ಒಳಗೆ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಹೊರಗೆ ಉದ್ದನೆಯ ಒಂದು ಕೂಗು ಕೇಳಿಸಿತು, ಆಮೇಲೆ ನನ್ನ ಮೇಜು ಮೆಲ್ಲಗೆ ಹಿಂದಕ್ಕೆ ಸರಿಯಿತು. ಗುರುಪಾದಪ್ಪನವರು ಭೂಕಂಪ ಎಂದು ಮತಪೆಟ್ಟಿಗೆಯನ್ನು ತಬ್ಬಿಕೊಂಡರು. ಇಣುಕಿ ನೋಡಿದರೆ ನಲವತ್ತು ಮನೆಗಳೂ ಒಟ್ಟಿಗೆ ಏರುತ್ತಿವೆ, ಅವುಗಳ ನಡುವೆ ನಲವತ್ತೊಂದನೆಯದಾಗಿ ನಮ್ಮದೂ. ನಾನು ನಿಲ್ಲಿಸಿ ಎಂದು ಕೂಗಬೇಕಿತ್ತು. ಕೂಗಲಿಲ್ಲ ಅಜ್ಜಿ, ಏಕೆಂದರೆ ಮತದಾನ ನಡೆಯುತ್ತಲೇ ಇತ್ತು. ಜನ ಹಗ್ಗವನ್ನು ಪಕ್ಕದವರ ಕೈಗೆ ಕೊಟ್ಟು, ಚಲಿಸುವ ಜಗುಲಿಗೆ ಹತ್ತಿ, ಬೆರಳಿಗೆ ಶಾಯಿ ಹಾಕಿಸಿಕೊಂಡು, ಮತ ಹಾಕಿ, ಹಾರಿ ಇಳಿದು ಮತ್ತೆ ಹಗ್ಗ ಹಿಡಿಯುತ್ತಿದ್ದರು. ಒಬ್ಬರೂ ಸಾಲು ತಪ್ಪಿಸಲಿಲ್ಲ. ನಾನು ಅಷ್ಟು ಸಂತೋಷವನ್ನು ಅದಕ್ಕೂ ಮುಂಚೆ ನೋಡಿರಲಿಲ್ಲ, ಮಂತ್ರಕ್ಕೆ ಒಳಗಾದವಳಂತೆ ಗುರುತು ಹಾಕುತ್ತಾ ಕುಳಿತುಬಿಟ್ಟೆ. ಭರಮ ಬಂದಾಗ ಅವನ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. ಶಾಯಿ ಹಾಕುವಾಗ ಬೆರಳನ್ನು ಬೇಕಿದ್ದಕ್ಕಿಂತ ಒಂದು ಕ್ಷಣ ಹೆಚ್ಚು ಹಿಡಿದುಕೊಂಡೆ. ಇದನ್ನು ವರದಿಯಲ್ಲಿ ಬರೆದಿಲ್ಲ, ನಿಮಗೊಬ್ಬರಿಗೆ ಹೇಳುತ್ತಿದ್ದೇನೆ.

ಇರುವೆಗಳು ಗೂಡು ಕಟ್ಟಿದ ನೆಲ ಸಿಗುವವರೆಗೆ ಎಳೆಯಬೇಕು, ಅದರ ಮೇಲೆ ನೀರು ಬರುವುದಿಲ್ಲ ಎಂಬುದು ಅವರ ಅಳತೆ. ದ್ಯಾಮವ್ವ ನಿಲ್ಲಿಸಿದಾಗ ಸಂಜೆ ನಾಲ್ಕು. ಕೊನೆಯ ಮತ ಅವರದೇ, ಕೋಲು ಹಿಡಿದೇ ಹಾಕಿದರು. ತೊಂಬತ್ತಾರಕ್ಕೆ ತೊಂಬತ್ತಾರು. ನಾನು ಹೊರಗೆ ಬಂದು, ಕುಣಿಯುವುದೊಂದು ಬಾಕಿ, ಕೆಳಗೆ ನೋಡಿದೆ. ಬಿಳಿಯ ಮಟ್ಟಗಲ್ಲು ನಮ್ಮಿಂದ ನಲವತ್ತು ಹೆಜ್ಜೆ ಕೆಳಗಿತ್ತು. ಮತಗಟ್ಟೆ ಕ್ಷೇತ್ರದಿಂದಲೇ ಹೊರಗೆ ಬಂದುಬಿಟ್ಟಿತ್ತು.

ನಿಮಗೆ ಗೊತ್ತು, ಗಡಿಯಾಚೆ ಮತ ಹಾಕಿಸಿದರೆ ಆ ಪೆಟ್ಟಿಗೆಯೇ ಅನೂರ್ಜಿತ. ಗುರುಪಾದಪ್ಪನವರೂ ಕಂಡರು. ಅವರು ಕೆಟ್ಟವರಲ್ಲ, ನನ್ನ ಮೇಲೆ ಮರುಕವಿತ್ತು. ನೀರು ಕಲ್ಲಿನ ಬುಡ ಮುಟ್ಟಿತ್ತು. "ಮೇಡಂ, ಇನ್ನೊಂದು ತಾಸಿಗೆ ಆ ಕಲ್ಲು ನೀರಾಗ ಹೋಗತೈತಿ. ಯಾರ್ ನೋಡ್ಯಾರ? ಬರದದ್ದು ಐತಿ, ಸಹಿ ಮಾಡ್ರಿ," ಎಂದರು. ನನ್ನ ಕೈ ಪೆನ್ನಿನ ಮೇಲೆಯೇ ಇತ್ತು. ತೊಂಬತ್ತಾರು ಜನರ ಮುಖ ನೋಡಿ ಸಹಿ ಮಾಡಿಬಿಡೋಣ ಅನ್ನಿಸಿತ್ತು, ಇದು ಸತ್ಯ. ದ್ಯಾಮವ್ವ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಕೇಳಿಸಿಕೊಂಡರು.

"ಆ ಕಲ್ಲು ನೆಡಸಾಕ ಒಂಬತ್ತು ವರ್ಷ ತಿರುಗೀನಿ ತಮ್ಮಾ," ಎಂದರು ಅವರಿಗೆ. "ಈಗ ನಾನ ಅದನ್ನ ಕಂಡಿಲ್ಲ ಅಂದರ, ನಾಳೆ ದಂಡಿಯವರು ನಮ್ಮನ್ನ ಕಂಡಿಲ್ಲ ಅಂತಾರ." ಆಮೇಲೆ ನನ್ನ ಕಡೆ ತಿರುಗಿ, "ಇದ್ದದ್ದು ಬರಿ ತಂಗಿ. ಎಳದವರು ನಾವು, ಅದನ್ನೂ ಬರಿ," ಎಂದರು.

ಬರೆದೆ. ಮತಗಟ್ಟೆ ಗಡಿ ದಾಟಿದ್ದು, ನಾನು ತಡೆಯದಿದ್ದದ್ದು, ಎಲ್ಲ. ಮೂರನೆಯ ದಿನ ಉತ್ತರ ಬಂತು. ನಮ್ಮ ಪೆಟ್ಟಿಗೆ ರದ್ದು. ಉಳಿದ ಮತಗಟ್ಟೆಗಳ ಲೆಕ್ಕ ಕೂಡಿಸಿದರೆ ಐವರಲ್ಲಿ ಮೂವರು ಎಂಬ ಗೆರೆ ಮುಟ್ಟಲು ತೊಂಬತ್ನಾಲ್ಕು ಮತ ಕಡಿಮೆ. ಜುಲೈ ಇಪ್ಪತ್ತಾರಕ್ಕೆ ಹದಿನೇಳನೆಯ ಮತಗಟ್ಟೆಗೆ ಮರುಮತದಾನ. ಮತಗಟ್ಟೆ ಕಲ್ಲಿನ ಒಳಗೇ ಇರಬೇಕು. ಆದರೆ ಕಲ್ಲಿನ ಒಳಗೆ ಈಗ ಇದ್ದದ್ದು ನೀರೊಂದೇ.

ವಿಚಾರಣೆ ಮುಗಿಯುವ ತನಕ ನನ್ನನ್ನು ಅಧಿಕಾರದಿಂದ ಇಳಿಸಿ, ಸಾಕ್ಷಿಯಾಗಿ ಅಲ್ಲೇ ಇರಲು ಹೇಳಿದರು. ಆ ಹತ್ತು ದಿನ ನನ್ನ ಬದುಕಿನ ಅತ್ಯಂತ ಚೆಂದದ ಹತ್ತು ದಿನ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಸುತ್ತಲಿನವರಿಗೆಲ್ಲ ಆತಂಕ, ನನಗೆ ಮಾತ್ರ ಹಬ್ಬ. ಬೆಳಗ್ಗೆ ಭರಮ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, ಏನೂ ಮಾತಾಡದೆ, ಹೋಗದೆ, ಜಗುಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ನಾನು ಒಂದು ತಾಸು ಮಾತಾಡಿದರೆ ಅವನು ಒಂದು 'ಹೌದ್ರಿ' ಅನ್ನುತ್ತಿದ್ದ, ಆದರೆ ಸರಿಯಾದ ಜಾಗದಲ್ಲೇ ಅನ್ನುತ್ತಿದ್ದ. ಐದನೆಯ ದಿನ ತಾನಾಗಿಯೇ ಒಂದು ಮಾತು ಹೇಳಿದ: ಈ ವಾಡಕ್ಕೆ ಬಂದ ಅಧಿಕಾರಿಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದವರನ್ನು ತಾನು ನೋಡಿದ್ದು ಇದೇ ಮೊದಲು ಎಂದು. ಹೇಳಿದವನೇ ಎದ್ದು ಹೋಗಿಬಿಟ್ಟ. ಆ ಸಂಜೆ ನಾನು ಉಣ್ಣಲಿಲ್ಲ ಅಜ್ಜಿ, ಹಸಿವೇ ಆಗಲಿಲ್ಲ.

ಮರುಮತದಾನಕ್ಕೆ ಆ ಜಾರುಮನೆಯನ್ನೇ ಹದಿನೆಂಟು ಪೀಪಾಯಿಗಳ ಮೇಲೆ ಕಟ್ಟಿ ತೇಲಿಸಿದರು. ಮುಳುಗಿದ ಕಲ್ಲಿಗೆ ಉದ್ದನೆಯ ಬಿದಿರು ಬಿಗಿದು, ಅದರ ಒಳಬದಿಗೆ ಲಂಗರು ಹಾಕಿದರು. ಜಿಲ್ಲೆಯಿಂದ ಬಂದ ಹೊಸ ಅಧಿಕಾರಿ ದೋಣಿಯಲ್ಲಿ ಬಿದಿರನ್ನು ಸುತ್ತಿ ಮೂರು ಸಲ ಅಳೆದು ಒಪ್ಪಿಕೊಂಡರು. ತೊಂಬತ್ತಾರರಲ್ಲಿ ಇಬ್ಬರು ಊರಲ್ಲಿರಲಿಲ್ಲ, ಚೊಚ್ಚಲ ಹೆರಿಗೆಗೆಂದು ಪಟ್ಟಣದ ಆಸ್ಪತ್ರೆಗೆ ಹೋದ ಗಂಡ ಹೆಂಡತಿ. ಗಂಡ ಮಧ್ಯಾಹ್ನದ ದೋಣಿಗೆ ಬಂದು ಮತ ಹಾಕಿ ಹಿಂದಿರುಗುತ್ತೇನೆ ಎಂದಿದ್ದ. ಎಲ್ಲರೂ ಅವನನ್ನೇ ನಂಬಿದ್ದರು, ಏಕೆಂದರೆ ಅವನೊಬ್ಬ ಬಂದರೆ ತೊಂಬತ್ನಾಲ್ಕು ತುಂಬಿ, ದ್ಯಾಮವ್ವ ನೀರಿಗೆ ಇಳಿಯಬೇಕಾಗುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ತೊಂಬತ್ಮೂರು ಮತ ಬಿದ್ದಿತ್ತು. ಮೂರೂ ಕಾಲಿಗೆ ದೋಣಿ ಬಂತು, ಅದರಲ್ಲಿ ಅವನಿರಲಿಲ್ಲ. ನೋವು ಜೋರಾಗಿದೆ, ಅವಳನ್ನು ಬಿಟ್ಟು ಬರಲಾರೆ ಎಂದು ಹೇಳಿ ಕಳಿಸಿದ್ದ. ಯಾರೂ ಅವನನ್ನು ಬಯ್ಯಲಿಲ್ಲ. ಎಲ್ಲರೂ ದ್ಯಾಮವ್ವನ ಮುಖ ನೋಡದೆ ನೆಲ ನೋಡಿದರು. ಐದಕ್ಕೆ ಮತದಾನ ಮುಗಿಯುತ್ತಿತ್ತು.

ಗುರುಪಾದಪ್ಪನವರು ಕೋಲನ್ನು ಇಲ್ಲೇ ನೆಟ್ಟು ಹೋಗಿ ಬನ್ನಿ, ಅರ್ಧ ತಾಸಿನ ಕೆಲಸ ಎಂದು ಬೇಡಿಕೊಂಡರು. ಅದು ಗೂಟವಲ್ಲ, ಅದಕ್ಕೆ ಕೈ ಬೇಕು ಎಂದರು ದ್ಯಾಮವ್ವ. ಕೈ ಎಂದರೆ ಕೂಗುವಾಕೆಯ ಮನೆಯ ಹೆಣ್ಣುಮಗಳ ಕೈ. ಅವರಿಗೆ ಇದ್ದದ್ದು ಮಗ ಭರಮ ಒಬ್ಬನೇ. ಒಮ್ಮೆ ಕೈ ಬದಲಾದರೆ ಕೋಲು ಹಿಂದಿರುಗುವುದಿಲ್ಲ ಎಂಬುದೂ ಕಟ್ಟಳೆ. ನಲವತ್ತು ಮನೆಯವರು ಆ ಕೋಲನ್ನು ನಂಬಿ ನಿದ್ದೆ ಮಾಡುತ್ತಾರೆ. ಆ ನಂಬಿಕೆ ಮುರಿದು ತಂದ ಕ್ಷೇತ್ರ ಅವರಿಗೆ ದಕ್ಕುವಂತಿರಲಿಲ್ಲ. ನಾನು ಸಾಕ್ಷಿಯ ಕುರ್ಚಿಯಿಂದ ಎದ್ದು, ನಾನು ಹಿಡಿಯುತ್ತೇನೆ ಎಂದೆ.

ಭರಮ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದ. "ತಿಳದು ಹಿಡೀರಿ, ಮೇಡಂ. ಇದನ್ನ ಹಿಡದಾಕಿ ಈ ಮನಿಯಾಕಿ ಆಗತಾಳ. ನೀರು ಇಳಿಯೂತನಕ ಹುಬ್ಬಳ್ಳಿ ಇಲ್ಲ."

"ಹುಬ್ಬಳ್ಳಿ ಎಲ್ಲಿ ಓಡಿ ಹೋಗ್ತದ?" ಎಂದೆ.

ದ್ಯಾಮವ್ವ ಕೋಲನ್ನು ಕೊಡಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮತದ ಸಲುವಾಗಿ ಹಿಡೀತೀಯೋ, ಇವನ ಸಲುವಾಗಿ ಹಿಡೀತೀಯೋ? ಮತದ ಸಲುವಾಗಿ ಆದರ ಬ್ಯಾಡ ತಂಗಿ. ಕ್ಷೇತ್ರ ಹೋದರ ಇನ್ನೊಂದು ಒಂಬತ್ತು ವರ್ಷ ತಿರುಗೂ ಶಕ್ತಿ ನನಗೈತಿ."

ಎರಡರ ಸಲುವಾಗಿಯೂ ಎಂದೆ. ಸುಳ್ಳು ಹೇಳಿದ್ದರೆ ಅವರಿಗೆ ತಿಳಿಯುತ್ತಿತ್ತು. ಅವರು ಭರಮನನ್ನು ಕೇಳಿದರು. ಅವನು 'ಹೌದ್ರಿ' ಎಂದ, ತಾಯಿಗೆ ರೀ ಹಚ್ಚಿ. ಇಡೀ ವಾಡ ನಕ್ಕಿತು.

"ಹಂಗಾದರ ಗಟ್ಟಿ ಹಿಡಿ," ಎಂದರು ದ್ಯಾಮವ್ವ, "ಅದು ಒಜ್ಜಿ ಐತಿ."

ನಿಜವಾಗಿಯೂ ಭಾರವಾಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಏರಿನ ಮೇಲೆ ನಿಂತು ನೋಡಿದೆ. ಮೂವತ್ತೊಂದು ವರ್ಷ ಮಳೆಗಾಲದ ನೀರನ್ನು ದಂಡೆಯಿಂದಷ್ಟೇ ನೋಡಿದ್ದ ದ್ಯಾಮವ್ವ ಸೀರೆಯ ನೆರಿಗೆ ಎತ್ತಿ ದೋಣಿ ಹತ್ತಿದರು. ಹುಟ್ಟು ಹಾಕಿದ್ದು ಮಗ. ಬಿದಿರನ್ನು ದಾಟುವಾಗ ಅವರು ಕೈ ಚಾಚಿ ಅದನ್ನು ಮುಟ್ಟಿದರು. ನಾಲ್ಕು ಇಪ್ಪತ್ತಕ್ಕೆ ತೊಂಬತ್ನಾಲ್ಕನೆಯ ಮತ ಬಿತ್ತು. ಮನೆಗಳಲ್ಲಿ ಒಂದೂ ಅಲುಗಲಿಲ್ಲ, ನನಗೆ ಅಳು ಬಂತು, ಅಳುತ್ತಲೇ ನಿಂತಿದ್ದೆ, ಕಣ್ಣೊರೆಸಲು ಕೈ ಖಾಲಿ ಇರಲಿಲ್ಲ.

ಹೀಗೆ ಹೂಳುಸೀಮೆ ಉಳಿಯಿತು, ಅಜ್ಜಿ. ಗೆದ್ದವರು ಹಲಗೆಮೆಟ್ಟು ಮಾಡುವ ಫಕೀರಪ್ಪ ಎಂಬುವರು. ನನ್ನ ಅತ್ತೆ ಮತ ಹಾಕಿದ್ದು ಅವರಿಗಲ್ಲ. ಇದು ಗುಟ್ಟಾಗಿರಬೇಕು, ಆದರೆ ಅವರೇ ಸಿಕ್ಕಿದವರಿಗೆಲ್ಲ ಹೇಳುತ್ತಾರೆ, ಫಕೀರಪ್ಪನವರಿಗೂ ಹೇಳಿದ್ದಾರೆ. ವಿಚಾರಣೆಯಲ್ಲಿ ನನಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು. ಆಸ್ಪತ್ರೆಯ ಮಗು ಹೆಣ್ಣು. ನಮ್ಮ ಮದುವೆ ಆಗಸ್ಟ್ ಹನ್ನೊಂದಕ್ಕೆ ಇದೇ ಏರಿನ ಮೇಲೆ ಆಯಿತು. ಅಮ್ಮ ಹುಬ್ಬಳ್ಳಿಯಿಂದ ಅಳುತ್ತಾ ಬಂದು, ಪುಂಡಿಪಲ್ಯ ಉಂಡು, ನಗುತ್ತಾ ಹೋದಳು. ನಾನು ಈಗ ಬೆಳಗ್ಗೆ ಏರಿನ ಮೇಲೊಂದು ಶಾಲೆ ನಡೆಸುತ್ತೇನೆ, ಸಂಜೆ ಅತ್ತೆಯಿಂದ ಕೂಗು ಕಲಿಯುತ್ತೇನೆ. ನನ್ನ ಕೂಗು ಕೇಳಿದರೆ ಮನೆ ಏರುವುದಿಲ್ಲ, ಹೆದರಿ ಓಡಿಹೋಗುತ್ತದೆ ಎನ್ನುತ್ತಾರೆ.

ನಿಮ್ಮ ಕಾಲಕ್ಕೆ ನನ್ನದೊಂದು ಕೋರಿಕೆ ಇದೆ. ಮುಂದಿನ ಚುನಾವಣೆಯಲ್ಲಿ ನೀವು ಮತಗಟ್ಟೆಯಲ್ಲಿ ಕುಳಿತಾಗ, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಯಾರಾದರೂ ಹಿಂದಿರುಗಿದರೆ ಅವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ. ನೀವು ಏನನ್ನೂ ಬದಲಿಸಲಾರಿರಿ, ನನಗೆ ಗೊತ್ತು. ಆದರೂ ಕೇಳಿ.

ಇನ್ನು ತಪ್ಪೊಪ್ಪಿಗೆ. ಹಿಂದೋಲೆಯನ್ನು ಮದುವೆಯಾದ ತಿಂಗಳೊಳಗೆ, ಹಿರಿಯರು ಬಾಳಿದ ಮನೆಯ ಹೊಸ್ತಿಲ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಆ ತಿಂಗಳು ನನ್ನಿಂದ ತಪ್ಪಿಹೋಗುತ್ತದೆ, ಏಕೆಂದರೆ ಕೋಲು ನನ್ನ ಕೈಯಲ್ಲಿದೆ. ನೀರು ಇಳಿಯುವ ತನಕ ನಾನು ಈ ನಲವತ್ತು ಮನೆಗಳನ್ನು ಬಿಟ್ಟು ಕದಲುವಂತಿಲ್ಲ. ಅತ್ತೆ ಹೋಗಬಹುದು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮಳೆಗಾಲದಲ್ಲಿ ಅವರಿಗೆ ಬಿಡುವು. ಅಣ್ಣಿಗೇರಿಗೆ ಮುಂದಾಗಿ ಹೋಗಿ ಈ ಓಲೆ ಓದಿ ಬನ್ನಿ ಎಂದರೆ, ಸೊಸೆ ಇಲ್ಲದೆ ಸೊಸೆಯ ತವರಿಗೆ ಹೋಗುವುದುಂಟೇ ಎನ್ನುತ್ತಾರೆ. ದೀಪಾವಳಿಗೆ ನೀರು ಇಳಿಯುತ್ತದೆ. ಮನೆಗಳನ್ನು ಕಲ್ಲಿನ ಒಳಗೆ ಇಳಿಸುವ ಮೊದಲ ಕೂಗು ನನ್ನದು. ಅದಾದ ಮರುದಿನವೇ ಕೈ ಖಾಲಿ. ನಾನು, ಭರಮ, ಅತ್ತೆ, ಮೂವರೂ ನವೆಂಬರ್ ಹದಿನೇಳನೆಯ ತಾರೀಖು ಗುರುವಾರ ಬೆಳಗ್ಗೆ ಏಳೂ ಹತ್ತಕ್ಕೆ ಹುಬ್ಬಳ್ಳಿ ಬಿಡುವ ಗದಗ ಪ್ಯಾಸೆಂಜರಿನಲ್ಲಿ ಅಣ್ಣಿಗೇರಿಗೆ ಬಂದು ಇಳಿಯುತ್ತೇವೆ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಇಂಪನಾ